ಮೊದಲು ಮಸೀದಿ ಬೀದಿಯ ಮನೆ, ಆಮೇಲೆ ದೊಡ್ಡ ಸ್ಮಾರಕ

ರಾಮೇಶ್ವರಕ್ಕೆ ಹೋಗುವ ನಮ್ಮ ಕಡೆಯವರ ಯಾತ್ರೆ ಹೆಚ್ಚುಕಡಿಮೆ ಒಂದೇ ತರಹ. ಗುಡಿಯಲ್ಲಿ 22 ತೀರ್ಥದ ಸ್ನಾನ, ಆಮೇಲೆ ಧನುಷ್ಕೋಡಿ, ಪೇಯ್ ಕರುಂಬಿನಲ್ಲಿ ಅಬ್ದುಲ್ ಕಲಾಂ ಅವರ ಸ್ಮಾರಕ, ಅಷ್ಟಕ್ಕೆ ಮುಗೀತು. ಗುಡಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಅವರ ಮನೆಗೆ ಹೋಗದೆ ಬಂದವರೇ ಜಾಸ್ತಿ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಅದೇ.

ನನಗೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಫೋಟೊಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ಇದೆ. ಶರಣಬಸವೇಶ್ವರರು, ಬಸವಣ್ಣ, ಅಂಬೇಡ್ಕರ್, ತೀರಿಕೊಂಡ ಅಜ್ಜ ಅಜ್ಜಿ, ಎಲ್ಲರೂ ನನ್ನ ಟೇಬಲ್ ಮೇಲೆ ಹಾದುಹೋಗುತ್ತಾರೆ. ಅಕ್ಟೋಬರ್ 15 ಹತ್ತಿರ ಬಂತೆಂದರೆ ಶಾಲೆಗಳ ಹೆಡ್‌ಮಾಸ್ತರರು ಕಲಾಂ ಫೋಟೊ ಹಿಡಿದು ಬರುತ್ತಾರೆ, ಅವತ್ತು ಅವರು ಹುಟ್ಟಿದ ದಿನ. ಹೀಗಾಗಿ ಎಲ್ಲಿ ಹೋದರೂ ಚಿತ್ರಕ್ಕಿಂತ ಮೊದಲು ಅದರ ಕಟ್ಟು, ಗಾಜು, ಹಿಂದಿನ ಹಾರ್ಡ್‌ಬೋರ್ಡು ನನ್ನ ಕಣ್ಣಿಗೆ ಬೀಳುತ್ತದೆ. "ಏನ್ರೀ, ಇಲ್ಲಿಗೂ ಅಂಗಡಿ ಹೊತ್ಕೊಂಡು ಬಂದೀರೇನು?" ಅಂತ ಮನೆಯಾಕೆ ಬೈದಳು.

ನಾವು ಕಲಬುರಗಿಯಿಂದ ಚೆನ್ನೈಗೆ ಹೋಗಿ, ಅಲ್ಲಿಂದ ರಾತ್ರಿ ರೈಲು ಹಿಡಿದೆವು. 1914ರ ಹಳೇ ಪಾಂಬನ್ ಸೇತುವೆ ಮೇಲೆ 2022ರ ಡಿಸೆಂಬರ್‌ನಲ್ಲೇ ರೈಲು ನಿಂತಿತ್ತು. 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆ ಶುರುವಾದ ಮೇಲೆ ಮತ್ತೆ ದ್ವೀಪದ ತನಕ ರೈಲಿನಲ್ಲೇ ಹೋಗಬಹುದು. ಸ್ಟೇಷನ್ ಹೊರಗೆ ಸಿಕ್ಕ ಆಟೋದವನ ಜೊತೆ ಮಾತ್ರ ಹುಷಾರು. ಕಲಾಂ ಮನೆಯೂ ಸೇರಿ ಎಲ್ಲ ತೋರಿಸ್ತೀನಿ ಅಂತ ದುಡ್ಡು ಮಾತಾಡಿದವನು ಸ್ಮಾರಕ ತೋರಿಸಿ "ಅದೂ ಇದೂ ಒಂದೇ" ಅಂದುಬಿಟ್ಟ. ಒಂದೇ ಅಲ್ಲ. ನಾವು ಮರುದಿನ ನಡೆದೇ ಹೋದೆವು.

ಮನೆ ಇರುವುದು ಮಸೀದಿ ಬೀದಿಯಲ್ಲಿ. 'ಹೌಸ್ ಆಫ್ ಕಲಾಂ' ಅಂತ ಹೆಸರು. ಹಳೇ ಕಾಲದ ಮನೆ ಹಾಗೇ ಇರುತ್ತದೆ ಅಂದುಕೊಂಡು ಹೋಗಬೇಡಿ. 19ನೇ ಶತಮಾನದ ನಡುವಿನಲ್ಲಿ ಸುಣ್ಣ, ಇಟ್ಟಿಗೆಯಿಂದ ಕಟ್ಟಿದ್ದ ಮನೆ ಅದು. ಈಗ ಹೊಸದಾಗಿ ಕಟ್ಟಿ ಮಹಡಿ ಏರಿಸಿದ್ದಾರೆ. ಕೆಳಗೆ ಮನೆಯವರು, ಮೊದಲ ಮಹಡಿಯಲ್ಲಿ ಫೋಟೊ ಮತ್ತು ಪ್ರಶಸ್ತಿಗಳು, ಅದರ ಮೇಲೆ ಚಿಪ್ಪು ಶಂಖದ ಅಂಗಡಿ. ಹಳೇದನ್ನು ಹಾಗೇ ಉಳಿಸಬೇಕಿತ್ತು ಅಂತ ಕೆಲವರು ಹೇಳ್ತಾರೆ. ಇರಬಹುದು. ಆದರೆ ಅದು ಜನ ಬಾಳಿದ ಮನೆ. ಕಲಾಂ ಅವರ ಅಣ್ಣ ಮುತ್ತು ಮೀರಾ ಮರೈಕ್ಕಾಯರ್ 2021ರಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವಯಸ್ಸಾದವರು ಇದ್ದ ಮನೆಗೆ ರಿಪೇರಿ ಮಾಡಬೇಡಿ ಅನ್ನಲಿಕ್ಕೆ ಆಗುತ್ತಾ?

ಮೇಲೆ ಹತ್ತಿದರೆ ಪತ್ರ, ಪದವಿ, ಪದಕ, ಫೋಟೊ. ರಾಷ್ಟ್ರಪತಿಯಾಗಿದ್ದ 2002ರಿಂದ 2007ರ ಕಾಲದ ಚಿತ್ರಗಳ ಮುಂದೆ ಜನ ಜಾಸ್ತಿ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಹಿಂದಿನವು ಇಷ್ಟ. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಹೊತ್ತು ಹಾರಿದ ಎಸ್‌ಎಲ್‌ವಿ-3 ರಾಕೆಟ್ಟಿನ ಕಾಲದ ಕಲಾಂ ಬೇರೆಯೇ ಮನುಷ್ಯ. ಕೂದಲು ಇನ್ನೂ ಅಷ್ಟು ಪ್ರಸಿದ್ಧ ಆಗಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟರು. ಓಡುವ ರೈಲಿನಿಂದ ಎಸೆದ ಪೇಪರ್ ಕಟ್ಟುಗಳನ್ನು ಎತ್ತಿಕೊಂಡು ಹುಡುಗ ಕಲಾಂ ದುಡಿದ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಆ ರೈಲಿನ ದಾರಿಯಲ್ಲೇ ಬಂದು, ಈ ಬೀದಿಯಲ್ಲಿ ನಿಂತಾಗ ಊರು ಎಷ್ಟು ಸಣ್ಣದು, ಆ ಹುಡುಗ ಹೋದದ್ದು ಎಷ್ಟು ದೂರ ಅಂತ ತಿಳಿಯಿತು.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ. ಕಲಬುರಗಿಯಲ್ಲಿ ಫೋಟೊಗೆ ಶತ್ರು ಬಿಸಿಲು ಮತ್ತು ಧೂಳು. ರಾಮೇಶ್ವರದಲ್ಲಿ ಉಪ್ಪುಗಾಳಿ ಮತ್ತು ತೇವ. ತೇವ ಸೇರಿದರೆ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಅದಕ್ಕೇ ಎರಡರ ನಡುವೆ ದಪ್ಪ ಕಾಗದದ ಮೌಂಟ್ ಇಟ್ಟು ಸಂದು ಬಿಡಬೇಕು. ಉಪ್ಪಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಹಿಂದಿನಿಂದ ಕಲೆ ಬಿಡುತ್ತದೆ. ಹಾಗಾಗಿ ಸಮುದ್ರದ ಪಕ್ಕ ಇಷ್ಟು ಕಾಗದ ಇಟ್ಟುಕೊಂಡು ಕಾಯುವುದು ಸುಮ್ನೆ ಮಾತಲ್ಲ. ಒಂದು ಸಲ ಕಟ್ಟು ಹಾಕಿ ಗೋಡೆಗೆ ಏರಿಸಿದರೆ ಕೆಲಸ ಮುಗಿಯುವುದಿಲ್ಲ, ಬಿಚ್ಚಿ ನೋಡುತ್ತಲೇ ಇರಬೇಕು.

ನಮ್ಮ ಊರಲ್ಲೂ 1948ರಲ್ಲಿ ನಿಜಾಮನ ಆಳ್ವಿಕೆಯಿಂದ ವಿಮೋಚನೆಯಾದ ಕಾಲದ ಅಜ್ಜಂದಿರ ಫೋಟೊ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ಮೊಮ್ಮಕ್ಕಳು ತಂದು "ಕಾಕಾ, ಲ್ಯಾಮಿನೇಶನ್ ಮಾಡಿ ಕೊಡ್ರಿ" ಅಂತಾರೆ. ಮಾಡಬೇಡ್ರಪ್ಪ! ಬಿಸಿಗೆ ಹಳೇ ಪ್ರಿಂಟ್ ಹಾಳಾಗುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ನಕಲು ತೆಗೆಸಿ ಅದನ್ನು ಗೋಡೆಗೆ ಹಾಕಿ, ಮೂಲವನ್ನು ಒಣ ಜಾಗದಲ್ಲಿ ಇಡಿ.

ಮನೆಯ ಮೇಲಿನ ಅಂಗಡಿ ಬಗ್ಗೆಯೂ ಕೆಲವರಿಗೆ ಮುನಿಸು. ದೊಡ್ಡವರ ಮನೆಯಲ್ಲಿ ವ್ಯಾಪಾರ ಯಾಕೆ ಅಂತ. ನಾನು ಅಂಗಡಿಯವನು, ನನಗೆ ಹಾಗೆ ಅನ್ನಿಸಲಿಲ್ಲ. ಕಲಾಂ ಅವರ ತಂದೆ ಜೈನುಲಾಬ್ದೀನ್ ಯಾತ್ರಿಕರನ್ನು ಧನುಷ್ಕೋಡಿಗೆ ದಾಟಿಸುವ ದೋಣಿ ಇಟ್ಟಿದ್ದವರು. ದುಡಿದು ತಿನ್ನುವುದು ಆ ಮನೆಗೆ ಹೊಸದಲ್ಲ. ಮನೆಯಾಕೆ ಸಣ್ಣ ಶಂಖ ತೊಗೊಂಡಳು.

ದೆಹಲಿಯಲ್ಲಿ ಏನಾಯಿತು ನೋಡಿ. ಅಧಿಕಾರ ಮುಗಿದ ಮೇಲೆ ಕಲಾಂ ಇದ್ದದ್ದು 10, ರಾಜಾಜಿ ಮಾರ್ಗದ ಸರ್ಕಾರಿ ಬಂಗಲೆಯಲ್ಲಿ. 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ಅವರು ತೀರಿಕೊಂಡ ಮೇಲೆ ಆ ಮನೆಯನ್ನೇ ನೆನಪಿನ ಜಾಗ ಮಾಡಿ ಎಂಬ ಬೇಡಿಕೆ ಇತ್ತು. ಆಗಲಿಲ್ಲ. ಮುಂದೆ ಅಲ್ಲಿ ಇನ್ನೊಬ್ಬ ಮಾಜಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ವಾಸ ಮಾಡಿದರು. ಸರ್ಕಾರಿ ಮನೆ ಎಂದರೆ ಖಾಲಿ ಮಾಡಲೇಬೇಕು, ಅದರಲ್ಲಿ ತಪ್ಪು ಹುಡುಕಲಾರೆ. ಮಸೀದಿ ಬೀದಿಯ ಮನೆಯನ್ನು ಖಾಲಿ ಮಾಡಿಸುವವರು ಇಲ್ಲ. ಅದಕ್ಕೇ ಅಲ್ಲಿ ಸಾಮಾನು ಉಳಿದಿದೆ.

ಇನ್ನು ದೊಡ್ಡ ಸ್ಮಾರಕ. ಅವರನ್ನು ಮಣ್ಣು ಮಾಡಿದ ಜಾಗದಲ್ಲೇ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿದ್ದು, 2017ರ ಜುಲೈ 27ಕ್ಕೆ ಉದ್ಘಾಟನೆಯಾಯಿತು. ಬಾಗಿಲ ಕಡೆ ಇಂಡಿಯಾ ಗೇಟ್ ನೆನಪು, ಗುಮ್ಮಟಕ್ಕೆ ರಾಷ್ಟ್ರಪತಿ ಭವನದ ಛಾಯೆ. ಕಂಬದ ಕಲ್ಲು ಬೆಂಗಳೂರಿನದು, ಹೊರಗೋಡೆಯ ಕಲ್ಲು ಜೈಸಲ್ಮೇರ್, ಆಗ್ರಾ ಕಡೆಯದು. ಸುಖೋಯ್ ಯುದ್ಧವಿಮಾನ ಹತ್ತಿದಾಗ ತೊಟ್ಟ ಪೈಲಟ್‌ಗಳ ಉಡುಪು ಜಿ-ಸೂಟ್ ಮತ್ತು ಅವರ ವೀಣೆ ಇಲ್ಲಿವೆ. ಅವೆರಡೂ ನೋಡಲೇಬೇಕು. ಮೂರ್ತಿಗಳು ನನಗೆ ಹಿಡಿಸಲಿಲ್ಲ, ಅದು ನನ್ನ ರುಚಿ. ವೀಣೆ ನುಡಿಸುವ ಮೂರ್ತಿಯ ಜೊತೆ ಭಗವದ್ಗೀತೆ ಕೆತ್ತಿದ್ದಕ್ಕೆ 2017ರಲ್ಲಿ ತಕರಾರು ಎದ್ದಿತು. ಕಲಾಂ ಮನೆಯವರು ಕುರಾನ್, ಬೈಬಲ್ ತಂದು ಅದರ ಪಕ್ಕದಲ್ಲೇ ಇಟ್ಟರು, ಅದಕ್ಕೂ ಮತ್ತೆ ಮಾತು. ಮೂರ್ತಿ ಮಾಡುವವರು ಏನು ಇಡಬೇಕು ಅಂತ ಆರಿಸಬೇಕಾಗುತ್ತದೆ, ಜಗಳ ಅಲ್ಲೇ ಶುರು. ಫೋಟೊದಲ್ಲಿ ಆ ರಗಳೆ ಕಡಿಮೆ.

ಮಕ್ಕಳನ್ನು ಕರೆದೊಯ್ಯುವ ಮಾಸ್ತರರಿಗೆ ಎರಡು ಮಾತು. ಮನೆಯ ಮಹಡಿಗೆ ಒಮ್ಮೆಲೇ ಎಲ್ಲರನ್ನೂ ಹತ್ತಿಸಬೇಡಿ, ಸಣ್ಣ ಗುಂಪು ಮಾಡಿ. ಕೆಳಗೆ ಸಂಸಾರ ಇದೆ, ಗದ್ದಲ ಬೇಡ. ಸ್ಮಾರಕದ ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಮೊದಲೇ ಹೇಳಿಬಿಡಿ. ನನ್ನ ಲೆಕ್ಕಕ್ಕೆ ಸ್ಮಾರಕಕ್ಕೆ ಐದಕ್ಕೆ ಮೂರೂವರೆ, ಮನೆಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಮೆಟ್ಟಿಲಿಗೆ. ಮೊಣಕಾಲು ನೋವಿನ ನಮ್ಮ ಅತ್ತಿಗೆ ಕೆಳಗೇ ಕೂತಿದ್ದರು.