‘ತೋಟದಿಂದ ನೇರವಾಗಿ’ ಅಂತ ಬ್ಯಾನರ್ ಕಂಡರೆ ಸ್ವಲ್ಪ ನಿಂತು ಕೇಳಿ

ಕುಶಾಲನಗರದ ಹೊಸ ಬಡಾವಣೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ರೈತರ ಮಾರುಕಟ್ಟೆ ಶುರುವಾಗಿದೆ. ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ), ಕರಿಮೆಣಸು, ಕಾಫಿ ಪುಡಿ ಕೊಳ್ಳಬೇಕು ಅಂತಿದ್ದರೆ ಮೊದಲು ಇದನ್ನು ಓದಿ. ಮಾರುಕಟ್ಟೆಯ ಹೆಸರಾಗಲಿ, ನಡೆಸುವವರ ಹೆಸರಾಗಲಿ ಬರೆಯುವುದಿಲ್ಲ. ಸುತ್ತಮುತ್ತ ಇರುವವರಿಗೆ ಹೇಗೂ ಗೊತ್ತಾಗುತ್ತದೆ.

ನಮ್ಮಲ್ಲಿ ಸಂತೆಗೇನು ಬರ ಇಲ್ಲ. ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ. ಅಲ್ಲಿ ಕೂರುವವರಲ್ಲಿ ಬಹಳ ಜನ ವ್ಯಾಪಾರಿಗಳು ಅಂತ ಎಲ್ಲರಿಗೂ ಗೊತ್ತು. ಅವರೂ ಅದನ್ನು ಮುಚ್ಚಿಡುವುದಿಲ್ಲ. ಚೌಕಾಸಿ ಮಾಡುತ್ತೇವೆ, ತರುತ್ತೇವೆ, ಮುಗಿಯಿತು. ಈ ಹೊಸ ಜಾಗದ ಕಥೆ ಬೇರೆ. ಗೇಟಿನಲ್ಲೇ ದೊಡ್ಡ ಬ್ಯಾನರ್: ದಲ್ಲಾಳಿ ಇಲ್ಲ, ರಾಸಾಯನಿಕ ಇಲ್ಲ, ತೋಟದಿಂದ ನೇರವಾಗಿ ನಿಮ್ಮ ಮನೆಗೆ. ಬೀನ್ಸ್‌ಗೆ ಸಂತೆಗಿಂತ ಕೆಜಿಗೆ 30 ರೂಪಾಯಿ ಜಾಸ್ತಿ. ನಾವು ಆ ಜಾಸ್ತಿ ದುಡ್ಡು ಕೊಡುವುದು ಬೀನ್ಸ್‌ಗಲ್ಲ, ಆ ಬ್ಯಾನರಿನ ಮಾತಿಗೆ.

ನಾನು ಹೋಗಿದ್ದು ಮೇ ತಿಂಗಳಲ್ಲಿ. ರಜೆಗೆ ಮೈಸೂರಿನಿಂದ ನೆಂಟರು ಬರುವವರಿದ್ದರು, ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ಮಾಡಬೇಕಿತ್ತು, ಅದಕ್ಕೆ ಹಾಕುವ ಕಾಚಂಪುಳಿ ಮನೆಯಲ್ಲಿ ತಳ ಕಂಡಿತ್ತು. ಒಂದು ಮೇಜಿನ ಮೇಲೆ ಸಾಲಾಗಿ ಬಾಟಲಿಗಳು, ಮುಚ್ಚಳಕ್ಕೆ ಗೋಣಿ ಬಟ್ಟೆ, ಅದಕ್ಕೊಂದು ದಾರ. ನೋಡಲು ಚೆನ್ನಾಗಿಯೇ ಇತ್ತು. ಮಾರುತ್ತಿದ್ದ ಹುಡುಗ ಹೇಳಿದ, “ಅಕ್ಕ, ಫ್ರೆಶ್ ಮಾಲು. ಈ ವಾರ ಕಾಸಿದ್ದು.”

ಮೇ ತಿಂಗಳಲ್ಲಿ, ಈ ವಾರ ಕಾಸಿದ್ದು!

ಹೊರಗಿನವರಿಗೆ ಇದರಲ್ಲಿ ಏನು ತಪ್ಪು ಅಂತ ಗೊತ್ತಾಗಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಾಚಂಪುಳಿ ಮಾಡುವುದು ಪಣಂಪುಳಿ ಹಣ್ಣಿನಿಂದ. ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರಲ್ಲ, ಅದೇ. ಈ ಹಣ್ಣು ಮಾಗಿ ಉದುರುವುದು ಮಳೆಗಾಲದಲ್ಲಿ. ಆರಿಸಿ ತಂದು ಬುಟ್ಟಿಯಲ್ಲಿಟ್ಟು, ಕೊಳೆತು ಇಳಿಯುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಹಳೆಯ ಕಾಚಂಪುಳಿ ಮಾರಿದರೆ ಏನೂ ತಪ್ಪಿಲ್ಲ, ನಿಜ ಹೇಳಬೇಕೆಂದರೆ ಹಳೆಯದೇ ಇರಬೇಕು. “ಹೋದ ಮಳೆಗಾಲದ್ದು ಅಕ್ಕ” ಅಂದಿದ್ದರೆ ನಾನು ನಂಬುತ್ತಿದ್ದೆ. ಹಣ್ಣು ಯಾವಾಗ ಉದುರುತ್ತದೆ ಅಂತಲೇ ಗೊತ್ತಿಲ್ಲದವನು ಅದನ್ನು ಕಾಸಿದವನಾಗಿರಲು ಸಾಧ್ಯವಿಲ್ಲ.

“ಯಾವ ಊರಿನ ತೋಟ?” ಅಂದೆ. “ಇಲ್ಲೇ ಹತ್ತಿರ” ಅಂದ. “ಹತ್ತಿರ ಅಂದ್ರೆ? ಸುಂಟಿಕೊಪ್ಪದ ಕಡೆಯಾ, ಸಿದ್ದಾಪುರದ ಕಡೆಯಾ?” “ಹೂಂ ಅಕ್ಕ, ಆ ಕಡೆನೇ” ಅಂದ. ಎರಡೂ ಬೇರೆ ಬೇರೆ ದಿಕ್ಕು! ಅಷ್ಟರಲ್ಲಿ ಹಿಂದೆ ಜನ ನೂಕುತ್ತಿದ್ದರು. ನೆಂಟರು ಬರುವುದು ಮರುದಿನ. 400 ರೂಪಾಯಿ ಕೊಟ್ಟು ಚಿಕ್ಕ ಬಾಟಲಿ ತಂದೆ.

ಮನೆಯಲ್ಲಿ ಅತ್ತೆ ಮುಚ್ಚಳ ತೆಗೆದು ಚಮಚ ಅದ್ದಿದರು. ಒಳ್ಳೆ ಕಾಚಂಪುಳಿ ಚಮಚದಿಂದ ಬೇಗ ಬೀಳುವುದಿಲ್ಲ, ಅಂಟಿಕೊಂಡು ನಿಲ್ಲುತ್ತದೆ. ಇದು ಸರಸರ ಇಳಿಯಿತು. ಬೆರಳ ತುದಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡರು. ಅಸಲಿಯಾದರೆ ಹುಳಿ ತಡೆಯಲಾಗದೆ ಕಣ್ಣು ಮುಚ್ಚಿಹೋಗಬೇಕು. ಅತ್ತೆ ಕಣ್ಣು ಬಿಟ್ಟುಕೊಂಡೇ ನನ್ನನ್ನು ನೋಡಿದರು. “ಇದು ಪುಳಿ ಅಲ್ಲ ಕಣೇ, ಪಾನಕ” ಅಂದರು. ಮೊದಲು ಸಿಹಿ, ಆಮೇಲೆ ಮೂಗಿಗೆ ಬಡಿಯುವ ವಿನಿಗರ್ ವಾಸನೆ. ಕಪ್ಪು ಬಣ್ಣ ಬಂದಿದ್ದು ಬೆಲ್ಲದಿಂದ ಇರಬೇಕು. ಮಾಂಸದ ಪಾತ್ರೆಗೆ ಅದನ್ನು ಹಾಕಲು ಅತ್ತೆ ಬಿಡಲಿಲ್ಲ. ಪಕ್ಕದ ಮನೆಯವರ ಹತ್ತಿರ ಎರಡು ಚಮಚ ತಂದು ಕೆಲಸ ನಡೆಸಿದೆವು. ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚವೇ ಧಾರಾಳ, ಅದು ಅಸಲಿಯಾಗಿದ್ದರೆ.

ಆಮೇಲೆ ಅಲ್ಲಿಂದ ತಂದ ಬೇರೆ ವಸ್ತುಗಳ ಮೇಲೂ ಅನುಮಾನ ಬಂತು. ಕರಿಮೆಣಸು ಮಿರಮಿರ ಮಿಂಚುತ್ತಿತ್ತು. ಕಣದಲ್ಲಿ ಒಣಗಿಸಿದ ಮೆಣಸು ಹಾಗೆ ಮಿಂಚುವುದಿಲ್ಲ. ಅಂಗೈಯಲ್ಲಿ ಉಜ್ಜಿದರೆ ಖಾರದ ಘಾಟಿನ ಜೊತೆ ಸೀಮೆಎಣ್ಣೆಯಂಥ ವಾಸನೆ. ಒಂದು ಹಿಡಿ ನೀರಿಗೆ ಹಾಕಿದೆ. ಒಳ್ಳೆ ಕಾಳು ಮುಳುಗುತ್ತದೆ. ಪಪ್ಪಾಯಿ ಬೀಜ ತೇಲುತ್ತದೆ, ಜೊಳ್ಳು ಮೆಣಸೂ ತೇಲುತ್ತದೆ, ಹಾಗಾಗಿ ತೇಲಿದ್ದೆಲ್ಲ ಪಪ್ಪಾಯಿ ಅನ್ನಬೇಡಿ. ನಮ್ಮ ಲೋಟದಲ್ಲಿ ಹತ್ತಿರ ಹತ್ತಿರ ಅರ್ಧ ತೇಲಿತು. ಒಡೆದು ನೋಡಿದರೆ ಜೊಳ್ಳೇ ಜಾಸ್ತಿ. ‘ಶುದ್ಧ ಅರೇಬಿಕಾ’ ಅಂತ ಕೊಟ್ಟ ಕಾಫಿ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿದರೆ ಅರ್ಧಕ್ಕರ್ಧ ಕಂದು ಗೆರೆ ಎಳೆಯುತ್ತಾ ತಳಕ್ಕೆ ಹೋಯಿತು. ಕಾಫಿ ತೇಲುತ್ತದೆ, ಹಾಗೆ ಬೇಗ ಮುಳುಗಿ ಬಣ್ಣ ಬಿಡುವುದು ಚಿಕೋರಿ. ಚಿಕೋರಿ ಹಾಕಿ ಮಾರುವುದು ಅಪರಾಧವಲ್ಲ, ನಮಗೂ ಆ ರುಚಿ ಇಷ್ಟವೇ. ಪ್ಯಾಕೆಟ್ ಮೇಲೆ ಬರೆಯಬೇಕು ಅಷ್ಟೇ. 2019ರಲ್ಲಿ ಭೌಗೋಳಿಕ ಸೂಚಕ (ಇಂಥ ಪ್ರದೇಶದ್ದೇ ಅನ್ನುವ ಸರ್ಕಾರಿ ಮಾನ್ಯತೆ) ಪಡೆದ ಕೊಡಗಿನ ಅರೇಬಿಕಾ ಹೆಸರಿನಲ್ಲಿ ಇದನ್ನು ಮಾರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜೇನು ನಾನು ತರಲಿಲ್ಲ. ತಂದವರು ನೀರಿಗೆ ಹನಿ ಬಿಟ್ಟು, ಬೆಂಕಿಕಡ್ಡಿಗೆ ಸವರಿ ಪರೀಕ್ಷೆ ಮಾಡಬೇಡಿ. ಈಗಿನ ಸಕ್ಕರೆ ಪಾಕಗಳು ಆ ಪರೀಕ್ಷೆಗಳನ್ನೆಲ್ಲ ಪಾಸಾಗುತ್ತವೆ. ಲ್ಯಾಬ್ ಬಿಟ್ಟರೆ ಬೇರೆ ದಾರಿ ಇಲ್ಲ.

ಇನ್ನು ತೂಕ. ಎರಡು ಕೆಜಿ ಬೀನ್ಸ್ ಮನೆಯಲ್ಲಿ ತೂಗಿದರೆ 1 ಕೆಜಿ 700 ಗ್ರಾಂ. ನಮ್ಮ ಮಷಿನ್ನೇ ಸರಿಯಿಲ್ಲವೇನೋ ಅಂತ ಒಡೆಯದ ಸಕ್ಕರೆ ಪ್ಯಾಕೆಟ್ ಇಟ್ಟು ನೋಡಿದೆ, ಸರಿಯಾಗಿಯೇ ತೋರಿಸಿತು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಮುದ್ರೆ ಹಾಕಬೇಕು. ಅಲ್ಲಿ ಮುದ್ರೆ ಕಾಣಲಿಲ್ಲ, ಅಂಕಿ ತೋರಿಸುವ ಮುಖ ಅವರ ಕಡೆಗೇ ತಿರುಗಿತ್ತು. ನಿಮ್ಮ ಚೀಲದಲ್ಲಿ ಸೀಲ್ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ಇದ್ದರೆ ಸುಮ್ನೆ ತಕ್ಕಡಿ ಮೇಲೆ ಇಡಿ. ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಬರಬೇಕು. 1 ಕೆಜಿ 200 ಬಂತೋ, ಅಲ್ಲಿ ಏನೂ ತಗೋಬೇಡಿ.

ಮುಂದಿನ ಭಾನುವಾರ ಆ ಕಾಚಂಪುಳಿ ಬಾಟಲಿ ಹಿಡಿದುಕೊಂಡು ಹೋದೆ. ಆ ಜಾಗದಲ್ಲಿ ಬೇರೆ ಯಾರೋ ಹಪ್ಪಳ ಮಾರುತ್ತಿದ್ದರು. ನಡೆಸುವವರನ್ನು ಕೇಳಿದೆ. “ಮೇಡಂ, ನಾವು ಜಾಗ, ಮೇಜು ಕೊಡ್ತೀವಿ, ಬಾಡಿಗೆ ತಗೋತೀವಿ. ಮಾಲಿಗೆ ನಾವು ಜವಾಬ್ದಾರಿ ಅಲ್ಲ” ಅಂದರು. ಬಾಡಿಗೆ ಕೊಡುವವರು ರೈತರು ಹೌದೋ ಅಲ್ಲವೋ ಅಂತ ನೋಡುತ್ತೀರಾ ಅಂದೆ. ನಕ್ಕರು. ನನಗೆ ಸಿಟ್ಟು ಬಂದಿದ್ದು ಬಾಟಲಿಗಿಂತ ಆ ನಗುವಿಗೆ.

ಸಾವಯವದ ವಿಷಯದಲ್ಲೂ ಇದೇ ಸಂದಿಯಲ್ಲಿ ನುಸುಳುತ್ತಾರೆ. ಸಾವಯವ ಅಂತ ಮಾರಲು ಸರ್ಕಾರದ ಎರಡು ಸಾವಯವ ದೃಢೀಕರಣ ವ್ಯವಸ್ಥೆಗಳಾದ ಪಿಜಿಎಸ್ ಇಂಡಿಯಾ ಅಥವಾ ಎನ್‌ಪಿಒಪಿಯ ಪ್ರಮಾಣಪತ್ರ ಬೇಕು. ಸಣ್ಣ ರೈತ ತಾನು ಬೆಳೆದದ್ದನ್ನು ತಾನೇ ಗ್ರಾಹಕರ ಕೈಗೆ ಕೊಟ್ಟರೆ ಅವನಿಗೆ ವಿನಾಯಿತಿ ಇದೆ. ಒಳ್ಳೆಯ ನಿಯಮವೇ. ಆದರೆ ಆ ವಿನಾಯಿತಿ ಬೆಳೆದವನಿಗೆ, ಮಂಡಿಯಿಂದ ಎತ್ತಿಕೊಂಡು ಬಂದು ರೈತ ಅಂತ ಕೂತವನಿಗಲ್ಲ. ಅದಕ್ಕೇ ‘ನೀವೇ ಬೆಳೆದದ್ದಾ?’ ಅಂತ ಬಾಯಿಬಿಟ್ಟು ಕೇಳಿ. ಯಾವ ಊರು, ಯಾವಾಗ ಕೊಯ್ದಿದ್ದು, ಈ ಸಲ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಹೇಗೆ ಬಂತು ಅಂತ ಮಾತಿಗೆಳೆಯಿರಿ. ಬೆಳೆಗಾರನಾದರೆ ಮಳೆಯ ಸುದ್ದಿ ಎತ್ತಿದ ಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟ. ಅಲ್ಲೇ ಮೂಲೆಯಲ್ಲಿ ಬಟರ್ ಫ್ರೂಟ್ ಇಟ್ಟುಕೊಂಡು ಕೂತಿದ್ದವರು ಒಬ್ಬರು ಹಾಗೆಯೇ ಮಾತಾಡಿದರು. ಯಾವ ಹಣ್ಣು ಎಷ್ಟು ದಿನ ಬಿಟ್ಟು ತಿನ್ನಬೇಕು ಅಂತ ಒಂದೊಂದನ್ನೂ ಒತ್ತಿ ನೋಡಿ ಕೊಟ್ಟರು. ಆ ಹಣ್ಣು ಚೆನ್ನಾಗಿತ್ತು. ಅಂಥವರು ಇರುವುದರಿಂದಲೇ ಹೋಗಬೇಡಿ ಅಂತ ಬರೆಯುತ್ತಿಲ್ಲ.

ಅಲ್ಲಿಂದ ಬಾಟಲಿ, ಪುಡಿ ತಂದವರು ದಯವಿಟ್ಟು ಚೆಲ್ಲಬೇಡಿ. ಲೇಬಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆಯಾ ನೋಡಿ, ನನ್ನದರಲ್ಲಿ ಇರಲಿಲ್ಲ. ಫೋಟೋ ತೆಗೆದಿಡಿ. ಬಿಲ್ ಕೊಡದಿದ್ದರೆ ಫೋನ್‌ಪೇಯಲ್ಲಿ ದುಡ್ಡು ಕಳಿಸಿದ ದಾಖಲೆಯನ್ನಾದರೂ ಉಳಿಸಿಕೊಳ್ಳಿ, ಅದರಲ್ಲಿ ಯಾರ ಹೆಸರಿಗೆ ಹೋಯಿತು ಅಂತ ಇರುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಕೊಡಬಹುದು. ನಾನು ಕೊಡುತ್ತಿದ್ದೇನೆ. ನಾಲ್ಕೈದು ಮನೆಯವರು ಸೇರಿ ಕೊಟ್ಟರೆ ಬೇಗ ಬಂದು ನೋಡಿಯಾರು. ಜೊತೆಗೆ ಬರುವವರು ಈ ಶನಿವಾರದೊಳಗೆ ಹೇಳಿ.