ಸರ್ಫ್‌ಬೋರ್ಡನ್ನು ವಿಮಾನದಲ್ಲಿ ಒಯ್ಯಲು ನಾಲ್ಕು ಬಗೆ: ನಾನೇ ಪ್ರಯೋಗಿಸಿ ಕಂಡ ಹೋಲಿಕೆ

ಮಳೆಗಾಲದಲ್ಲಿ ಸಸಿಹಿತ್ಲು, ಮುಲ್ಕಿಯ ಕಡಲು ಕೆರಳಿ ನೀರಿಗಿಳಿಯಲು ಆಗದಿರುವ ಹೊತ್ತಿನಲ್ಲಿ ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಂ ಕೊಲ್ಲಿಯಲ್ಲಿ ಅಲೆಗಳು ಹದವಾಗಿರುತ್ತವೆ. ಅಲ್ಲಿನ ಸರ್ಫಿಂಗ್ ಋತು ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇರುವುದರಿಂದ, ನಾನು ನಾಲ್ಕು ಮಳೆಗಾಲಗಳಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಕೊಲಂಬೊಕ್ಕೆ ಬೋರ್ಡಿನೊಂದಿಗೆ ಹಾರಿ, ಮುಂದಿನ ಏಳೆಂಟು ತಾಸನ್ನು ವ್ಯಾನಿನಲ್ಲಿ ಕಳೆದಿದ್ದೇನೆ. ನಾಲ್ಕು ಸಲವೂ ಪ್ಯಾಕಿಂಗ್ ಬೇರೆ ಬೇರೆಯಾಗಿತ್ತು.

ಬೋರ್ಡಿನ ಸ್ವಭಾವವನ್ನು ಮೊದಲು ಹೇಳಬೇಕು. ನನ್ನದು 6 ಅಡಿ 2 ಅಂಗುಲದ, ಅಂದರೆ 188 ಸೆಂ.ಮೀ. ಉದ್ದದ ಶಾರ್ಟ್‌ಬೋರ್ಡ್, ತೂಕ ಸುಮಾರು 3 ಕಿಲೋ. ಒಳಗೆ ಪಾಲಿಯುರೆಥೇನ್ ಫೋಮ್, ನಡುವೆ ಉದ್ದಕ್ಕೆ ತೆಳುವಾದ ಮರದ ಪಟ್ಟಿ, ಮೇಲೆ ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿದ ಫೈಬರ್‌ಗ್ಲಾಸ್ ಬಟ್ಟೆ. ನಡುವಿನ ಭಾಗ ಒಂದಿಷ್ಟು ಭಾರ ತಡೆಯುತ್ತದೆ. ಆದರೆ ನೋಸ್ ಎಂದು ನಾವು ಕರೆಯುವ ಮುಂಬದಿಯ ಚೂಪು, ಹಿಂಬದಿಯ ಟೇಲ್, ಎರಡು ಬದಿಯ ಅಂಚುಗಳಾದ ರೇಲ್‌ಗಳು ಒಂದೇ ಏಟಿಗೆ ಬಿರಿಯುತ್ತವೆ. ಸಾಗಿಸುವವರು ಉದ್ದನೆಯ ಚೀಲವನ್ನು ಟೇಲ್ ಮೇಲೆ ನಿಲ್ಲಿಸುತ್ತಾರೆ, ಬದಿಯ ಮೇಲೆ ಒರಗಿಸುತ್ತಾರೆ, ಅದರ ಮೇಲೆ ಸೂಟ್‌ಕೇಸ್‌ಗಳನ್ನು ಪೇರಿಸುತ್ತಾರೆ. ಹಾಗಾಗಿ ಪ್ಯಾಕಿಂಗ್ ಹೊರಗಿನಿಂದ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕಿಂತ, ಈ ನಾಲ್ಕು ಜಾಗಗಳ ಮೇಲೆ ಭಾರ ಬೀಳದಂತೆ, ಒಳಗೆ ಬೋರ್ಡು ಜಾರದಂತೆ ಅದು ನೋಡಿಕೊಳ್ಳುತ್ತದೆಯೇ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಮೊದಲ ವರ್ಷ ಬೋರ್ಡನ್ನು ಎರಡು ಸುತ್ತು ಬಬಲ್ ರ‍್ಯಾಪ್‌ನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಡಲಿಗೆ ಒಯ್ಯುವ 5 ಮಿ.ಮೀ. ದಪ್ಪದ ಸಾದಾ ಚೀಲದಲ್ಲಿಯೇ ಹಾಕಿದೆ. ಕೊಲಂಬೊದಲ್ಲಿ ಚೀಲ ಹೊರಗಿನಿಂದ ಸರಿಯಾಗಿಯೇ ಕಂಡಿತು. ಕೋಣೆಗೆ ಬಂದು ಬಿಚ್ಚಿದಾಗ ಟೇಲ್‌ನ ಒಂದು ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಫೈಬರ್‌ಗ್ಲಾಸ್ ಚಕ್ಕೆಯೆದ್ದು ಒಳಗಿನ ಫೋಮ್ ಕಾಣುತ್ತಿತ್ತು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಬಬಲ್ ರ‍್ಯಾಪ್‌ನ ಗುಳ್ಳೆಗಳು ಆ ಜಾಗದಲ್ಲಿ ಒಂದೂ ಉಳಿಯದೆ ಒಡೆದಿದ್ದವು. ಮೊದಲ ಏಟಿಗೇ ಅವು ಒಡೆದುಹೋದ ಮೇಲೆ ಎರಡನೆಯ ಏಟಿಗೆ ತಡೆಯಾಗಿ ಉಳಿದದ್ದು ಬರಿಯ ಪ್ಲಾಸ್ಟಿಕ್ ಹಾಳೆ. ಬಿರುಕಿನ ಬೋರ್ಡನ್ನು ನೀರಿಗಿಳಿಸಿದರೆ ಫೋಮ್ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ರಿಪೇರಿಗೆ ಕೊಟ್ಟು ಎರಡು ದಿನ ದಡದಲ್ಲಿ ಕುಳಿತು ಬೇರೆಯವರ ಅಲೆಗಳನ್ನು ನೋಡಿದೆ. ರಿಪೇರಿಯ ರೆಸಿನ್ ಬೆಂಕಿ ಹೊತ್ತಿಕೊಳ್ಳುವ ದ್ರವವಾದ ಕಾರಣ ಅದನ್ನು ಲಗೇಜಿನಲ್ಲಿ ಒಯ್ಯುವಂತಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆ ನೋವಿನಲ್ಲಿ ಎರಡನೆಯ ವರ್ಷ ರಟ್ಟಿನ ಪೆಟ್ಟಿಗೆ ಮಾಡಿದೆ. ಫ್ರಿಜ್ಜಿನ ಎರಡು ಪೆಟ್ಟಿಗೆಗಳನ್ನು ಕತ್ತರಿಸಿ, ಜೋಡಿಸಿ, ಮೂಲೆಗಳಿಗೆ ಥರ್ಮೊಕೋಲ್ ತುಂಬಿ, ಕಂದು ಟೇಪ್ ಸುತ್ತಲು ಒಂದು ಸಂಜೆ ಪೂರ್ತಿ ಹಿಡಿಯಿತು. ಬೋರ್ಡನ್ನು ಕಾಯುವ ವಿಷಯದಲ್ಲಿ ಅದು ಸಾದಾ ಚೀಲಕ್ಕಿಂತ ಖಂಡಿತ ಮೇಲು, ಏಕೆಂದರೆ ಭಾರ ಬಿದ್ದರೆ ಮೊದಲು ರಟ್ಟು ಜಜ್ಜಿಹೋಗುತ್ತದೆಯೇ ಹೊರತು ರೇಲ್‌ಗೆ ಏನೂ ಆಗುವುದಿಲ್ಲ. ಆದರೆ ಜುಲೈ ತಿಂಗಳ ಮಂಗಳೂರಿನ ಮಳೆಯಲ್ಲಿ ವಿಮಾನದ ಪಕ್ಕದಲ್ಲಿ ಟ್ರಾಲಿಯ ಮೇಲೆ ನಿಂತಷ್ಟು ಹೊತ್ತಿನಲ್ಲಿಯೇ ಒಂದು ಮೂಲೆ ನೆನೆದು ಹಪ್ಪಳದಂತಾಯಿತು. ನಡುವೆ ತಪಾಸಣೆಗಾಗಿ ಟೇಪ್ ಕೊಯ್ದವರು ಮತ್ತೆ ಅಂಟಿಸಿದ್ದು ತೆಳುವಾದ ಟೇಪಿನಲ್ಲಿ. ಬೋರ್ಡು ಉಳಿಯಿತು, ಪೆಟ್ಟಿಗೆ ಉಳಿಯಲಿಲ್ಲ. ಹಿಂದಿರುಗುವಾಗ ಹಾಕಲು ಏನೂ ಇರಲಿಲ್ಲ. ಬೋರ್ಡನ್ನು ಒಮ್ಮೆ ಮಾತ್ರ, ಒಣ ಹವೆಯಲ್ಲಿ ಕಳುಹಿಸಬೇಕಾದವರಿಗೆ ಈ ಬಗೆ ಸಾಕು.

ಮೂರನೆಯ ಸಲ ಇಬ್ಬರು ಗೆಳೆಯರೊಡನೆ ಸೇರಿ, ಸರ್ಫರ್‌ಗಳು ಕಾಫಿನ್ ಎಂದು ಕರೆಯುವ, ಚಕ್ರಗಳಿರುವ ದೊಡ್ಡ ಚೀಲವನ್ನು ಎರವಲು ತಂದೆವು. ಚೀಲವೇ 7 ಕಿಲೋ, ಮೂರು ಬೋರ್ಡು 9 ಕಿಲೋ, ಜೊತೆಗೆ ಬಟ್ಟೆಬರೆ ಸೇರಿ 27 ಕಿಲೋ ಆಯಿತು. ನಮ್ಮ ಟಿಕೆಟ್ಟಿನ ಮಿತಿ 23 ಕಿಲೋ ಆಗಿದ್ದರಿಂದ ಹೆಚ್ಚುವರಿ ಹಣ ಕಟ್ಟಿದೆವು. 32 ಕಿಲೋ ದಾಟಿದರೆ ಹಣ ಕೊಟ್ಟರೂ ಒಂದೇ ಚೀಲವಾಗಿ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಭಾರದ ಚೀಲವನ್ನು ಒಬ್ಬರು ಎತ್ತಲಾರರು, ಎಳೆಯುತ್ತಾರೆ. ಎಳೆದಾಗ ಚಕ್ರವಿರುವ ತುದಿಗೆ ಮೂರೂ ಟೇಲ್‌ಗಳು ಜಾರಿ ಬಂದು ಕುಕ್ಕುತ್ತವೆ. ತಪ್ಪು ನಮ್ಮದೂ ಇತ್ತು. ಜಾಗ ಉಳಿಸಲು ಒಂದು ಬೋರ್ಡನ್ನು ತಲೆಕೆಳಗಾಗಿ ಇಟ್ಟಿದ್ದೆವು. ಅದರ ಬಾಗಿದ ನೋಸ್ ನಡುವಿನ ಬೋರ್ಡಿನ ಬೆನ್ನನ್ನು ಒತ್ತಿ ಅಂಗೈಯಗಲದ ತಗ್ಗು ಮಾಡಿತ್ತು. ಎಲ್ಲವನ್ನೂ ಒಂದೇ ದಿಕ್ಕಿಗೆ, ಬಾಗು ಬಾಗಿಗೆ ಕೂಡುವಂತೆ, ನಡುವೆ ಫೋಮ್ ಹಾಳೆ ಹಾಕಿ ಇಟ್ಟಿದ್ದರೆ ಇದು ತಪ್ಪುತ್ತಿತ್ತು. ತಿಂಗಳುಗಟ್ಟಲೆ ಇರಲು ಹೋಗುವವರಿಗೆ ಈ ಚೀಲ ಬೇಕಾಗಬಹುದು; ಹತ್ತು ದಿನಕ್ಕೆ ಹೋಗುವವನಿಗೆ ನಾನು ಇದನ್ನು ಹೇಳಲಾರೆ.

ನನ್ನ ಮನಸ್ಸು ನಿಂತಿರುವುದು ನಾಲ್ಕನೆಯ ಬಗೆಯ ಮೇಲೆ: ಒಂದೇ ಬೋರ್ಡಿಗೆ ಅಳತೆಯಾದ, 10 ಮಿ.ಮೀ. ಫೋಮಿನ ಪ್ರಯಾಣದ ಚೀಲ ಮತ್ತು ಅದರೊಳಗೆ ನಾವೇ ಮಾಡುವ ಕವಚ. ಏಸಿ ಪೈಪುಗಳಿಗೆ ಹಾಕುವ ಕಪ್ಪು ಫೋಮ್ ಕೊಳವೆಗಳು ಏಸಿ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಆರಡಿ ಉದ್ದಕ್ಕೆ ಸಿಗುತ್ತವೆ. ಎರಡನ್ನು ತಂದು ಉದ್ದಕ್ಕೆ ಬ್ಲೇಡಿನಿಂದ ಸೀಳಿದರೆ ಅವು ರೇಲ್‌ಗಳನ್ನು ತಾವಾಗಿಯೇ ಕಚ್ಚಿ ಹಿಡಿಯುತ್ತವೆ. ನಾಲ್ಕೈದು ಕಡೆ ಅಡ್ಡಲಾಗಿ ಮಾಸ್ಕಿಂಗ್ ಟೇಪ್ ಹಾಕಿದರೆ ಸಾಕು. ಕಂದು ಟೇಪ್ ಬೋರ್ಡಿನ ಮೇಲೆ ಅಂಟು ಬಿಡುತ್ತದೆ. ನೋಸ್ ಮತ್ತು ಟೇಲ್‌ಗೆ ರಟ್ಟನ್ನು ಮಡಚಿ ಟೊಪ್ಪಿ ಮಾಡಿ, ಒಳಗೆ ಹಳೆಯ ಬೈರಾಸು ತುರುಕುತ್ತೇನೆ. ಉಳಿದ ಜಾಗಕ್ಕೆ ಬಟ್ಟೆ. ಜಿಪ್ ಎಳೆದ ಮೇಲೆ ಚೀಲವನ್ನು ಎತ್ತಿ ಅಲುಗಿಸಿದಾಗ ಒಳಗಿನಿಂದ ಸದ್ದು ಬರಬಾರದು. ಎಲ್ಲ ಸೇರಿ ತೂಕ 11 ಕಿಲೋ, ಒಬ್ಬನೇ ಹೆಗಲಿಗೆ ಹಾಕಿಕೊಳ್ಳಬಹುದು. ಹೋಗುತ್ತ ಬರುತ್ತ ಎರಡು ಕಡೆಯೂ ಬೋರ್ಡಿಗೆ ಒಂದು ಗೀರೂ ಬೀಳಲಿಲ್ಲ, ಅದೇ ಕೊಳವೆಗಳು ವ್ಯಾನಿನ ಮೇಲೆ ಹಗ್ಗ ಬಿಗಿದಾಗಲೂ ಕೆಲಸಕ್ಕೆ ಬಂದವು.

ಯಾವ ಬಗೆಯಾದರೂ ಬೋರ್ಡಿನ ಅಡಿಯಲ್ಲಿರುವ ಪುಟ್ಟ ರೆಕ್ಕೆಗಳಾದ ಫಿನ್‌ಗಳನ್ನು ಬಿಚ್ಚಲೇಬೇಕು, ಬಿಚ್ಚುವ ಪುಟ್ಟ ಕೀಲಿಯನ್ನು ಅವುಗಳ ಜೊತೆಯಲ್ಲಿಯೇ ಕಟ್ಟಿಡಬೇಕು. ಕಾಲು ಜಾರದಂತೆ ಬೋರ್ಡಿನ ಮೇಲೆ ಹಚ್ಚಿದ ಮೇಣವನ್ನು ಹೆರೆದು ತೆಗೆಯದಿದ್ದರೆ ಬಿಸಿಲಿಗೆ ಕರಗಿ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಥರ್ಮೊಕೋಲ್ ತಿರುಳಿನ ಎಪಾಕ್ಸಿ ಬೋರ್ಡುಗಳಲ್ಲಿ ಗಾಳಿಕಿಂಡಿಯ ತಿರುಪು ಇದ್ದರೆ ಹಾರುವ ಮುನ್ನ ಅದನ್ನು ಸಡಿಲಿಸಬೇಕು, ಏಕೆಂದರೆ ಎತ್ತರದಲ್ಲಿ ಹೊರಗಿನ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗುತ್ತದೆ. ನೀರಿಗಿಳಿಯುವ ಮುನ್ನ ಮರೆಯದೆ ಬಿಗಿಯಬೇಕು.

ಬೋರ್ಡು ಒಯ್ಯದೆ ಅಲ್ಲಿಯೇ ಬಾಡಿಗೆಗೆ ಪಡೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ಕಲಿಯುತ್ತಿರುವವರಿಗೆ ಅದೇ ಸರಿ, ಅರುಗಂ ಕೊಲ್ಲಿಯಲ್ಲಿ ಮೆತ್ತನೆಯ ಬೋರ್ಡುಗಳು ಬೇಕಾದಷ್ಟು ಸಿಗುತ್ತವೆ. ಕಾಲಿಗೆ ಹೊಂದಿಕೊಂಡ ಬೋರ್ಡು ಇರುವವರು ಮಾತ್ರ ಪ್ಯಾಕಿಂಗಿನ ಶ್ರಮ ಪಡಲಿ. ಇಳಿದ ನಿಲ್ದಾಣದಿಂದ ಹೊರಗೆ ಬರುವ ಮುನ್ನವೇ ಚೀಲ ಬಿಚ್ಚಿ, ರೇಲ್‌ಗಳ ಉದ್ದಕ್ಕೂ ಬೆರಳಾಡಿಸಿ ನೋಡಲಿ. ಮೊದಲ ವರ್ಷ ನಾನು ಹಾಗೆ ಮಾಡದೆ ಹೊರಟುಹೋಗಿದ್ದೆ, ಹಾನಿ ವಿಮಾನದಲ್ಲಿಯೇ ಆಯಿತೆಂದು ತೋರಿಸಲು ಆಮೇಲೆ ನನ್ನ ಬಳಿ ಏನೂ ಇರಲಿಲ್ಲ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಕುರಿತಾದ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜಿನ ಹಾನಿಯ ದೂರನ್ನು 7 ದಿನಗಳೊಳಗೆ ಬರಹದಲ್ಲಿ ಕೊಡಬೇಕು. ಈಗ ನಾನು ಚೀಲ ಮುಚ್ಚುವ ಮುನ್ನ ಬೋರ್ಡಿನ ನಾಲ್ಕೂ ಬದಿಯ ಫೋಟೊ ತೆಗೆದುಕೊಂಡೇ ಹೊರಡುತ್ತೇನೆ.