ಒಂದು ಸೊನ್ನೆಗೆ ನೂರು ಪೌಂಡ್: ಪಾರ್ಕಿಂಗ್ ತಾಣವೊಂದರ ವಿಮರ್ಶೆ

ಇಂಗ್ಲೆಂಡಿನ ತೇಮ್ಸ್ ಕಣಿವೆಯ ಒಂದು ಪಟ್ಟಣದಲ್ಲಿ, ಅಂಗಡಿ ಸಂಕೀರ್ಣವೊಂದರ ಪಕ್ಕದಲ್ಲಿರುವ ಖಾಸಗಿ ಪಾರ್ಕಿಂಗ್ ತಾಣಕ್ಕೆ ನಾನು ಐದರಲ್ಲಿ ಎರಡು ನಕ್ಷತ್ರಗಳನ್ನು ಕೊಡುತ್ತಿದ್ದೇನೆ. ಎರಡೂ ಸ್ಥಳಕ್ಕೆ ಸಲ್ಲಬೇಕಾದವು. ಗೆರೆಗಳ ನಡುವೆ ಬಾಗಿಲು ಪೂರ್ತಿ ತೆರೆಯುವಷ್ಟು ಅಗಲವಿದೆ, ಮಂಡಿನೋವಿನ ಹಿರಿಯರು ಅವಸರವಿಲ್ಲದೆ ಇಳಿಯಬಹುದು, ಎರಡು ಗಂಟೆಗೆ ಮೂರು ಪೌಂಡ್ ನಲವತ್ತು ಪೆನ್ಸ್ ಎಂಬುದು ಈ ಭಾಗದಲ್ಲಿ ದುಬಾರಿ ದರವೇನಲ್ಲ. ಉಳಿದ ಮೂರು ನಕ್ಷತ್ರಗಳನ್ನು ಆ ತಾಣ ಕಳೆದುಕೊಂಡದ್ದು ಹಣ ಕಟ್ಟುವ ಯಂತ್ರದಿಂದ ಮತ್ತು ಅದರ ಹಿಂದಿರುವ ಕಂಪನಿಯ ಪತ್ರವ್ಯವಹಾರದಿಂದ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥದೇ ಯಂತ್ರ ಮತ್ತು ಇಂಥದೇ ಪತ್ರ ಈ ದೇಶದ ಯಾವ ಊರಿನಲ್ಲಾದರೂ ಎದುರಾಗಬಹುದು.

ಕಳೆದ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ದಾವಣಗೆರೆಯಿಂದ ಬಂದಿದ್ದ ಅತ್ತೆ ಮಾವನವರಿಗೆ ಬೆಚ್ಚನೆಯ ಕೋಟು ಕೊಡಿಸಲೆಂದು ಅಲ್ಲಿಗೆ ಹೋಗಿದ್ದೆವು. ಯಂತ್ರದ ಮುಂದೆ ನಿಂತು ಕಾರಿನ ನೋಂದಣಿ ಸಂಖ್ಯೆಯನ್ನು ಒತ್ತಿ, ಕಾರ್ಡಿನಿಂದ ಹಣ ಕಟ್ಟಿ, ರಸೀದಿ ಪಡೆದು, ಕೊಂಡ ಅವಧಿಗಿಂತ ಇಪ್ಪತ್ತು ನಿಮಿಷ ಮೊದಲೇ ಹೊರಬಂದೆವು. ನಮ್ಮ ಕಾರು ಆಕ್ಸ್‌ಫರ್ಡ್ ಕಡೆ ನೋಂದಣಿಯಾದದ್ದು, ಆದ್ದರಿಂದ ಅದರ ಸಂಖ್ಯೆ ‘ಓ’ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುತ್ತದೆ. ನಾನು ಅದರ ಜಾಗದಲ್ಲಿ ಸೊನ್ನೆಯನ್ನು ಒತ್ತಿದ್ದೆ. ತಪ್ಪು ನನ್ನದೇ, ಆ ಬಗ್ಗೆ ತಕರಾರಿಲ್ಲ. ಒಂಬತ್ತನೆಯ ದಿನ ಮನೆಗೆ ಬಂದ ಪತ್ರ ನೂರು ಪೌಂಡ್ ಕೇಳಿತ್ತು. ಹದಿನಾಲ್ಕು ದಿನಗಳೊಳಗೆ ಕಟ್ಟಿದರೆ ಅರವತ್ತು.

ಇಂಥ ತಾಣಗಳಲ್ಲಿ ಬೂತಿನೊಳಗೆ ಕುಳಿತ ಮನುಷ್ಯನಾಗಲಿ, ಎತ್ತಿ ಇಳಿಸುವ ಅಡ್ಡಕಂಬವಾಗಲಿ ಇರುವುದಿಲ್ಲ. ಒಳಗೆ ಬರುವಾಗ ಮತ್ತು ಹೊರಗೆ ಹೋಗುವಾಗ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿ ವೇಳೆಯನ್ನು ದಾಖಲಿಸುತ್ತದೆ, ಹಣ ಕಟ್ಟಿದವರ ಪಟ್ಟಿಯನ್ನು ಯಂತ್ರ ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಈ ಎರಡು ಪಟ್ಟಿಗಳನ್ನು ಹೋಲಿಸಿದಾಗ ತಾಳೆಯಾಗದೆ ಉಳಿದ ಸಂಖ್ಯೆಗಳ ಮಾಲೀಕರ ವಿಳಾಸವನ್ನು ಕಂಪನಿಯು ಸ್ವಾನ್ಸೀಯಲ್ಲಿರುವ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಯಿಂದ ತಲಾ ಎರಡೂವರೆ ಪೌಂಡ್ ಕೊಟ್ಟು ಪಡೆಯುತ್ತದೆ. ನನ್ನ ವಿಷಯದಲ್ಲಿ ಒಂದು ಪಟ್ಟಿಯಲ್ಲಿ ಹಣ ಕಟ್ಟದ ಕಾರೊಂದು ಉಳಿದಿತ್ತು, ಇನ್ನೊಂದರಲ್ಲಿ ತಾಣದೊಳಗೆ ಎಂದೂ ಕಾಲಿಡದ ಕಾರೊಂದು ಹಣ ಕಟ್ಟಿತ್ತು. ಎರಡರ ನಡುವಿನ ವ್ಯತ್ಯಾಸ ಒಂದೇ ಒಂದು ಗುಂಡಿ. ಅದನ್ನು ಕಂಡುಹಿಡಿಯಲು ಹಿಡಿಯುವ ಹೊತ್ತು ಪತ್ರವನ್ನು ಮಡಚಿ ಲಕೋಟೆಗೆ ಹಾಕುವ ಹೊತ್ತಿಗಿಂತ ಹೆಚ್ಚಾಗಲಾರದು.

ಬ್ರಿಟನ್ನಿನ ನಂಬರ್ ಪ್ಲೇಟುಗಳಿಗೆ ನಿಗದಿಯಾದ ಅಕ್ಷರಶೈಲಿಯಲ್ಲಿ ‘ಓ’ ಅಕ್ಷರಕ್ಕೂ ಸೊನ್ನೆಗೂ ಆಕಾರ ಒಂದೇ. ಕಣ್ಣಿನಿಂದ ಅವನ್ನು ಬೇರ್ಪಡಿಸಲಾಗದು, ಸ್ಥಾನದಿಂದ ಮಾತ್ರ ತಿಳಿಯಬೇಕು. 2001ರಿಂದ ಜಾರಿಯಲ್ಲಿರುವ ಕ್ರಮದಲ್ಲಿ ಮೊದಲ ಎರಡು ಸ್ಥಾನ ಅಕ್ಷರಗಳಿಗೆ, ನಂತರದ ಎರಡು ಅಂಕಿಗಳಿಗೆ, ಕೊನೆಯ ಮೂರು ಮತ್ತೆ ಅಕ್ಷರಗಳಿಗೆ ಮೀಸಲು. ಹಾಗಾಗಿ ಸೊನ್ನೆಯಿಂದ ಆರಂಭವಾಗಿ ಉಳಿದಂತೆ ಈ ಕ್ರಮದಲ್ಲೇ ಸಾಗುವ ಸಂಖ್ಯೆ ಈ ದೇಶದ ರಸ್ತೆಯಲ್ಲಿ ಇರಲು ಸಾಧ್ಯವೇ ಇಲ್ಲ. ಕನ್ನಡ ಬಲ್ಲವರಿಗೆ ಇದು ಹೊಸ ವಿಷಯವಲ್ಲ. ನಮ್ಮಲ್ಲಿ ಅನುಸ್ವಾರಕ್ಕೂ ಅಂಕಿಯ ಸೊನ್ನೆಗೂ ಒಂದೇ ದುಂಡು, ಒಂದೇ ಹೆಸರು. ಆದರೂ ‘ಬಂಡಿ’ ಎಂದು ಬರೆದದ್ದನ್ನು ಲೆಕ್ಕದ ಪುಸ್ತಕಕ್ಕೆ ಯಾರೂ ಸೇರಿಸುವುದಿಲ್ಲ. ಇಷ್ಟು ವಿವೇಕವನ್ನು ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ. ಮೊದಲ ಮೂರು ಅಕ್ಷರ ಒತ್ತಿದೊಡನೆ ಒಳಗಿರುವ ಕಾರುಗಳ ಚಿತ್ರ ತೋರಿಸಿ ‘ಇದೇ ನಿಮ್ಮ ಕಾರೇ’ ಎಂದು ಕೇಳುವ ಯಂತ್ರಗಳು ಬೇರೆಡೆ ಇವೆ. ಈ ತಾಣದ ಯಂತ್ರ ಏನನ್ನೂ ಕೇಳದೆ ಹಣ ತೆಗೆದುಕೊಂಡಿತು.

ಪತ್ರವನ್ನು ಮೊದಲು ನಿಧಾನವಾಗಿ ಓದಿದವರು ಮಾವನವರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಯಾವ ಕಾಗದವನ್ನಾದರೂ ಹಿಂಬದಿಯಿಂದ ಓದಲು ಆರಂಭಿಸುವ ಅಭ್ಯಾಸ ಅವರಿಗಿದೆ. “ಅಳಿಯಂದಿರೇ, ಇದರಲ್ಲಿ ದಂಡ ಅನ್ನೋ ಪದ ಎಲ್ಲೂ ಇಲ್ಲವಲ್ಲ” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನಗರಸಭೆ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಅದಕ್ಕೆ ಕಾನೂನಿನ ಬಲದ ದಂಡದ ಸ್ವರೂಪವಿದೆ. ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಅದು ಫಲಕದಲ್ಲಿ ಬರೆದ ಷರತ್ತುಗಳನ್ನು ಒಪ್ಪಂದವೆಂದು ಭಾವಿಸಿ, ಒಪ್ಪಂದ ಮುರಿದದ್ದಕ್ಕಾಗಿ ಕಳಿಸಿದ ಬಿಲ್ಲು ಮಾತ್ರ. ಎರಡನ್ನೂ ಪಿಸಿಎನ್ ಎಂಬ ಮೂರೇ ಅಕ್ಷರಗಳಲ್ಲಿ ಹೇಳುವುದರಿಂದ, ಮತ್ತು ಪತ್ರದ ವಿನ್ಯಾಸವೂ ಸರ್ಕಾರಿ ಕಾಗದವನ್ನು ಹೋಲುವುದರಿಂದ, ಹೊಸದಾಗಿ ಬಂದ ನಮ್ಮವರು ವೀಸಾಕ್ಕೆ ಕುತ್ತು ಬಂದೀತೆಂದು ಹೆದರಿ ಅಂದೇ ಅರವತ್ತು ಪೌಂಡ್ ಕಟ್ಟಿಬಿಡುತ್ತಾರೆ. ಇದು ಅಪರಾಧದ ಪ್ರಕರಣವಲ್ಲ, ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗೆಂದು ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದೇ? ಹತ್ತಾರು ವರ್ಷಗಳಿಂದ ಇಲ್ಲಿರುವ ಸ್ನೇಹಿತರೊಬ್ಬರು ಹಾಗೆಯೇ ಸಲಹೆ ಕೊಟ್ಟರು. ಆ ಸಲಹೆ ಹಳೆಯ ಕಾಲದ್ದು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಖಾಸಗಿ ಜಾಗಗಳಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಷೇಧಿಸಿತು, ಅದರ ಜೊತೆಗೇ, ಚಾಲಕ ಯಾರೆಂದು ತಿಳಿಯದಿದ್ದರೆ ನೋಂದಾಯಿತ ಮಾಲೀಕನಿಂದ ಶುಲ್ಕ ಕೇಳುವ ಹಕ್ಕನ್ನು ಕಂಪನಿಗಳಿಗೆ ಕೊಟ್ಟಿತು. ಕ್ಯಾಮೆರಾ ಆಧಾರದ ಪ್ರಕರಣಗಳಲ್ಲಿ ಆ ಹಕ್ಕು ಬೇಕಿದ್ದರೆ ಪತ್ರ ಹದಿನಾಲ್ಕು ದಿನಗಳೊಳಗೆ ಮಾಲೀಕನನ್ನು ತಲುಪಬೇಕು. ನಮ್ಮದು ಒಂಬತ್ತನೆಯ ದಿನವೇ ಬಂದಿದ್ದರಿಂದ, ಪತ್ರ ತಡವಾಯಿತೆಂದು ತಪ್ಪಿಸಿಕೊಳ್ಳುವ ದಾರಿ ನಮಗೆ ಇರಲಿಲ್ಲ. ಉತ್ತರಿಸದೆ ಕುಳಿತರೆ ವಸೂಲಿ ಸಂಸ್ಥೆಯ ಪತ್ರಗಳು ಬರುತ್ತವೆ, ಮೊತ್ತಕ್ಕೆ ಎಪ್ಪತ್ತು ಪೌಂಡ್ ಸೇರಬಹುದು, ಕೌಂಟಿ ನ್ಯಾಯಾಲಯದ ನೋಟಿಸಿಗೂ ಉತ್ತರಿಸದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ. ಆ ಹಣವನ್ನು ಒಂದು ತಿಂಗಳೊಳಗೆ ಕಟ್ಟದಿದ್ದರೆ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿದು ಮನೆಸಾಲ ಕೇಳುವಾಗ ಅಡ್ಡ ಬರುತ್ತದೆ.

ಇಂಥ ಶುಲ್ಕ ಕಾನೂನುಬಾಹಿರವೆಂದು ಒಂದೇ ಸಾಲು ಬರೆದು ಗೆಲ್ಲುವ ಕಾಲವೂ ಹೋಯಿತು. 2015ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಪಾರ್ಕಿಂಗ್‌ಐ ಎಂಬ ಕಂಪನಿ ಮತ್ತು ಬ್ಯಾರಿ ಬೀವಿಸ್ ಎಂಬ ಚಾಲಕರ ನಡುವಿನ ಪ್ರಕರಣದಲ್ಲಿ 85 ಪೌಂಡ್ ಶುಲ್ಕವನ್ನು ಎತ್ತಿಹಿಡಿಯಿತು. ಚೆಲ್ಮ್ಸ್‌ಫರ್ಡಿನ ಆ ತಾಣದಲ್ಲಿ ಎರಡು ಗಂಟೆ ಉಚಿತವಾಗಿತ್ತು, ಬೀವಿಸ್ 56 ನಿಮಿಷ ಹೆಚ್ಚು ನಿಂತಿದ್ದರು, ಜಾಗಗಳು ಕಾಲಕಾಲಕ್ಕೆ ತೆರವಾಗುತ್ತಿರಬೇಕೆಂಬುದು ಕಂಪನಿಯ ನ್ಯಾಯವಾದ ಹಿತಾಸಕ್ತಿ ಎಂದು ಕೋರ್ಟು ಹೇಳಿತು. ಆ ತೀರ್ಪನ್ನು ನಾನು ನನ್ನ ಪರವಾಗಿಯೇ ಓದಿಕೊಂಡೆ. ದರ ಪೂರ್ತಿ ಸಂದಾಯವಾಗಿ, ಅವಧಿಗೆ ಮೊದಲೇ ಜಾಗ ತೆರವಾಗಿರುವಾಗ, ನೂರು ಪೌಂಡ್ ಯಾವ ಹಿತಾಸಕ್ತಿಯನ್ನು ಕಾಯುತ್ತದೆ?

ಕಂಪನಿಗೆ ಬರೆದ ಮನವಿಯ ನನ್ನ ಮೊದಲ ಕರಡು ಎರಡು ಪುಟವಿತ್ತು. ಹಿರಿಯರು ಜೊತೆಗಿದ್ದರು, ಮಳೆ ಹನಿಯುತ್ತಿತ್ತು, ಹಿಂದೆ ಸಾಲು ಬೆಳೆಯುತ್ತಿತ್ತು, ಕನ್ನಡಕ ಕಾರಿನಲ್ಲಿ ಉಳಿದಿತ್ತು ಎಂಬುದೆಲ್ಲ ಅದರಲ್ಲಿತ್ತು. ಮಾವನವರು ಅದನ್ನು ಓದಿ ಪಕ್ಕಕ್ಕಿಟ್ಟರು. “ನೀವು ಕ್ಷಮೆ ಕೇಳ್ತಿದ್ದೀರಿ. ಕ್ಷಮೆ ಕೇಳಿದರೆ ಕೊಡೋದು ಬಿಡೋದು ಅವರ ಇಷ್ಟ ಆಗುತ್ತೆ. ದಿನಾಂಕ ಬರೀರಿ, ಅಡಕಗಳಿಗೆ ನಂಬರ್ ಹಾಕಿ, ಯಾವ ನಿಯಮದ ಪ್ರಕಾರ ಅಂತ ಹೇಳಿ, ಸಹಿ ಮಾಡಿ.” ಹೊಸ ಅರ್ಜಿ ಹನ್ನೊಂದು ಸಾಲಿಗೆ ಇಳಿಯಿತು. ಅಡಕ ಒಂದು ಯಂತ್ರದ ರಸೀದಿ, ಎರಡು ಬ್ಯಾಂಕಿನ ವಿವರ, ಮೂರು ನಂಬರ್ ಪ್ಲೇಟಿನ ಛಾಯಾಚಿತ್ರ. ನಿಯಮ ಪಾರ್ಕಿಂಗ್ ಉದ್ಯಮದವರು ತಾವೇ ಬರೆದುಕೊಂಡದ್ದು. ಸಂಖ್ಯೆ ಒತ್ತುವಾಗ ಒಂದು ಅಕ್ಷರ ತಪ್ಪಿದಂಥ ಸಣ್ಣ ಪ್ರಮಾದವನ್ನು ಮೊದಲ ಮನವಿಯಲ್ಲೇ ರದ್ದುಪಡಿಸಬೇಕು, ಹೆಂಡತಿಯ ಕಾರಿನ ಸಂಖ್ಯೆಯನ್ನೋ ಹಳೆಯ ಕಾರಿನ ಸಂಖ್ಯೆಯನ್ನೋ ಒತ್ತಿದಂಥ ದೊಡ್ಡ ಪ್ರಮಾದವಾದರೆ ಹಣ ಕಟ್ಟಿದ ಪುರಾವೆಯ ಮೇಲೆ ಶುಲ್ಕವನ್ನು ಇಪ್ಪತ್ತು ಪೌಂಡಿಗೆ ಇಳಿಸಬೇಕು ಎಂಬುದು ಅದರ ಸಾರ. ‘ಓ’ ಬದಲಿಗೆ ಸೊನ್ನೆ ಒತ್ತುವುದು ಸಣ್ಣ ಪ್ರಮಾದದ ಹೆಸರಾಂತ ಉದಾಹರಣೆ.

ಇಷ್ಟಾದರೂ ಕಂಪನಿ ಹತ್ತೊಂಬತ್ತನೆಯ ದಿನ ಮನವಿಯನ್ನು ತಿರಸ್ಕರಿಸಿತು. ಪೂರ್ಣ ಮತ್ತು ಸರಿಯಾದ ಸಂಖ್ಯೆ ನಮೂದಿಸುವುದು ಚಾಲಕರ ಹೊಣೆ ಎಂದು ಫಲಕದಲ್ಲಿ ಬರೆದಿದೆ, ಅಷ್ಟೇ ಉತ್ತರ. ನನ್ನ ಅಡಕಗಳನ್ನು ಯಾರಾದರೂ ತೆರೆದು ನೋಡಿದ್ದರೆಂಬ ಸುಳಿವು ಅದರಲ್ಲಿರಲಿಲ್ಲ. ಕೊನೆಯಲ್ಲಿ ಅರವತ್ತು ಪೌಂಡಿನ ರಿಯಾಯಿತಿಯನ್ನು ಇನ್ನೂ ಹದಿನಾಲ್ಕು ದಿನ ಕೊಟ್ಟು, ಸ್ವತಂತ್ರ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಿ ಸೋತರೆ ಪೂರ್ತಿ ನೂರು ಕಟ್ಟಬೇಕಾಗುತ್ತದೆಂದು ಎಚ್ಚರಿಸಲಾಗಿತ್ತು. ಮೂರು ನಕ್ಷತ್ರಗಳನ್ನು ನಾನು ಕಳೆಯಲು ಎಲ್ಲಕ್ಕಿಂತ ದೊಡ್ಡ ಕಾರಣ ಈ ಒಂದು ವಾಕ್ಯ. ಅರವತ್ತಕ್ಕೂ ನೂರಕ್ಕೂ ನಡುವಿನ ನಲವತ್ತು ಪೌಂಡ್ ಒಂದು ಪಣದಂತೆ ಮೇಜಿನ ಮೇಲೆ ಕುಳಿತಿರುತ್ತದೆ, ತಾನು ಸರಿಯೆಂದು ಗೊತ್ತಿದ್ದವನೂ ಅದನ್ನು ನೋಡಿ ಒಂದು ಕ್ಷಣ ಹಿಂಜರಿಯುತ್ತಾನೆ. ಅತ್ತೆಯವರು ಮನೆಯಲ್ಲಿ ಎರಡು ದಿನ ಅದನ್ನೇ ಹೇಳಿದರು: “ಹೋಗಲಿ ಬಿಡಿ, ಕೊಟ್ಟು ಕೈ ತೊಳೆದುಕೊಳ್ಳಿ.” ಅಂಗಡಿ ಸಂಕೀರ್ಣದ ವ್ಯವಸ್ಥಾಪಕರಿಗೂ ಒಂದು ಪತ್ರ ಬರೆದಿದ್ದೆ. ಪಾರ್ಕಿಂಗ್ ತಮ್ಮ ಕೈಯಲ್ಲಿಲ್ಲ ಎಂದು ಸೌಜನ್ಯದಿಂದ ತಿಳಿಸಿದರು.

ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯ ಕಂಪನಿಗಳ ವಿರುದ್ಧ ಮೇಲ್ಮನವಿ ಹೋಗುವುದು ಪಾಪ್ಲಾ ಎಂಬ ಸಂಸ್ಥೆಗೆ, ಇನ್ನೊಂದು ಸಂಘವಾದ ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯ ಸದಸ್ಯರಾದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್‌ಗೆ. ನಮ್ಮದು ಪಾಪ್ಲಾ. ಮನವಿದಾರರಿಗೆ ಖರ್ಚಿಲ್ಲ, ತಿರಸ್ಕಾರದ ಪತ್ರದಲ್ಲಿರುವ ಹತ್ತಂಕಿಯ ಸಂಕೇತವಿದ್ದರೆ ಸಾಕು, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ಮನವಿದಾರರನ್ನಲ್ಲ. ಅಲ್ಲಿ ಕಷ್ಟಸುಖ ಹೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಶುಲ್ಕ ನಿಯಮಬದ್ಧವಾಗಿ ವಿಧಿಸಲ್ಪಟ್ಟಿತೇ ಎಂಬುದನ್ನಷ್ಟೇ ಅವರು ನೋಡುತ್ತಾರೆ. ಹನ್ನೊಂದು ಸಾಲಿನ ಅರ್ಜಿಗೆ ನಂಬರ್ ಪ್ಲೇಟಿನ ಸ್ಥಾನಕ್ರಮದ ಒಂದು ಪ್ಯಾರಾ ಮತ್ತು ಕಂಪನಿಗೆ ಒಂದು ಕೋರಿಕೆಯನ್ನು ಸೇರಿಸಿದೆ: ಆ ದಿನ ಹಣ ಕಟ್ಟಿದ ಸಂಖ್ಯೆಗಳ ಪಟ್ಟಿಯನ್ನು, ಸೊನ್ನೆಯಿಂದ ಆರಂಭವಾಗುವ ಆ ಅಸಾಧ್ಯ ಸಂಖ್ಯೆಯೂ ಸೇರಿದಂತೆ, ಹಾಜರುಪಡಿಸಬೇಕು.

ಪಟ್ಟಿ ಬರಲಿಲ್ಲ. ಸಾಕ್ಷ್ಯ ಸಲ್ಲಿಸಲು ಕಂಪನಿಗಿದ್ದ ಇಪ್ಪತ್ತೊಂದು ದಿನಗಳು ಮುಗಿಯುವ ಮೊದಲೇ, ಕಂಪನಿ ಪ್ರಕರಣವನ್ನು ಹಿಂತೆಗೆದುಕೊಂಡಿದೆ, ನೀವು ಏನನ್ನೂ ಕಟ್ಟಬೇಕಿಲ್ಲ ಎಂಬ ಇಮೇಲ್ ಪಾಪ್ಲಾದಿಂದ ಬಂತು. ಯಾಕೆ ಹಿಂತೆಗೆದುಕೊಂಡಿತು ಎಂದು ಕಂಪನಿ ಹೇಳಲಿಲ್ಲ, ಮೊದಲ ಉತ್ತರ ತಪ್ಪಾಗಿತ್ತೆಂದೂ ಹೇಳಲಿಲ್ಲ. ಪಾಪ್ಲಾಕ್ಕೆ ನಾನು ನಕ್ಷತ್ರ ಕೊಡಲಾರೆ, ಅವರ ನಿರ್ಣಯದ ಗುಣವನ್ನು ನೋಡುವ ಅವಕಾಶವೇ ಒದಗಲಿಲ್ಲ. ಆದರೆ ಒಬ್ಬ ಮೂರನೆಯವನು ಕಡತ ತೆರೆಯುತ್ತಾನೆ ಎಂಬುದಷ್ಟಕ್ಕೇ ಎದುರು ಪಕ್ಷ ಎದ್ದುಹೋಯಿತು ಎಂಬುದನ್ನು ದಾಖಲಿಸುತ್ತೇನೆ.

ಸರ್ಕಾರದ ನಿಯಮಾವಳಿ ಇದ್ದಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲವೇನೋ. ಅದಕ್ಕಾಗಿ ಸಂಸತ್ತು 2019ರಲ್ಲೇ ಕಾಯಿದೆ ಮಾಡಿತು, 2022ರ ಫೆಬ್ರುವರಿಯಲ್ಲಿ ನಿಯಮಾವಳಿ ಪ್ರಕಟವೂ ಆಯಿತು, ಕಂಪನಿಗಳು ಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಅದನ್ನು ಹಿಂಪಡೆಯಲಾಯಿತು. 2024ರ ಅಕ್ಟೋಬರ್‌ನಿಂದ ಎರಡೂ ಸಂಘಗಳು ತಮ್ಮದೇ ಒಂದು ಜಂಟಿ ಸಂಹಿತೆಯನ್ನು ನಡೆಸುತ್ತಿವೆ.

ಮಾವನವರು ಊರಿಗೆ ಹೊರಡುವ ಹಿಂದಿನ ವಾರ ಅತ್ತೆಯವರ ಕೋಟಿನ ಅಳತೆ ಬದಲಿಸಲೆಂದು ಮತ್ತೆ ಅದೇ ತಾಣಕ್ಕೆ ಹೋದೆವು. ಅವರ ಮುಂದೆಯೇ, ಬೇಕೆಂದೇ, ಮೊದಲು ಸೊನ್ನೆಯನ್ನು ಒತ್ತಿ ಉಳಿದ ಆರನ್ನೂ ಸರಿಯಾಗಿ ಒತ್ತಿದೆ. ಯಂತ್ರ ಕಿಂಚಿತ್ತೂ ಅನುಮಾನಿಸದೆ ಎಷ್ಟು ಗಂಟೆ ಬೇಕೆಂದು ಕೇಳಿತು. ರದ್ದು ಗುಂಡಿ ಒತ್ತಿ, ‘ಓ’ ಎಲ್ಲಿದೆಯೆಂದು ಹುಡುಕಿ, ಹೊಸದಾಗಿ ಆರಂಭಿಸಿದೆ. ಹೊರಬಂದ ರಸೀದಿಯನ್ನು ಮಾವನವರು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ ಒಂದೊಂದೇ ಅಕ್ಷರವನ್ನು ಪ್ಲೇಟಿನೊಂದಿಗೆ ತಾಳೆ ನೋಡಿ, ಮಡಚಿ ತಮ್ಮ ಜೇಬಿನಲ್ಲಿಟ್ಟುಕೊಂಡರು.